ಇಸ್ತಾಂಬುಲ್‌ನಲ್ಲಿ ಮಾತಿನ ಖಾತೆ

ನನ್ನ ಕೆಲಸ ಏನು ಅಂತ ನೆಂಟರಿಗೆ ಬಿಡಿಸಿ ಹೇಳುವುದು ಕಷ್ಟ. ಕಂಪನಿಗಳ ಹಿರಿಯ ಅಧಿಕಾರಿಗಳು ಗುಂಪಾಗಿ ಯಾವುದೋ ದೇಶಕ್ಕೆ ಹೋಗಿ, ಅಲ್ಲಿನ ವ್ಯಾಪಾರ, ರಾಜಕೀಯ, ಜನ ಹೇಗೆ ಅಂತ ತಿಳಿದುಕೊಂಡು ಬರುವ ಅಧ್ಯಯನ ಪ್ರವಾಸಗಳಿರುತ್ತವೆ. ವಿಮಾನ, ಹೋಟೆಲ್, ಊಟ ನೋಡಿಕೊಳ್ಳುವವರು ಬೇರೆ. ನನ್ನದು ಮಾತಿನ ಖಾತೆ. ಆ ದೇಶದ ಬಗ್ಗೆ ತಿಳಿದು ಮಾತಾಡುವವರನ್ನು ಹುಡುಕಬೇಕು, ರೇಟ್ ಕುದುರಿಸಬೇಕು, ಏನು ಬೇಕು ಏನು ಬೇಡ ಅಂತ ಹೇಳಬೇಕು, ಹೇಳಿದ ಹೊತ್ತಿಗೆ ಮೈಕ್ ಮುಂದೆ ನಿಲ್ಲಿಸಬೇಕು. ಮಾತು ಚೆನ್ನಾಗಿ ಬಂದರೆ ಹೆಸರು ಮಾತಾಡಿದವರಿಗೆ. ಬರದಿದ್ದರೆ ಬೈಗುಳ ನನಗೆ.

2024ರ ಅಕ್ಟೋಬರ್‌ಗೆ ಬೆಂಗಳೂರಿನ ಒಂದು ಗುಂಪು ಇಸ್ತಾಂಬುಲ್ ಆರಿಸಿಕೊಂಡಿತು. ಕ್ಲೈಂಟ್ ಕಡೆಯ ಮೇಡಂ ಒಂದು ಎಕ್ಸೆಲ್ ಶೀಟ್ ಕಳಿಸಿದರು. ಇತಿಹಾಸ, ಇನ್ನೋವೇಶನ್, ರಾಜಕೀಯ, ಮೀಡಿಯಾ. ನಾಲ್ಕು ಕಾಲಂ, ಕಾಲಂಗೆ ಒಬ್ಬರು, ಸೋಮವಾರದಿಂದ ಗುರುವಾರದ ತನಕ ದಿನಕ್ಕೊಬ್ಬರು. ಒಂದು ದಿನದ ವಿಷಯ ಇನ್ನೊಂದು ದಿನಕ್ಕೆ ನುಗ್ಗಬಾರದು ಅಂತ ಕೆಳಗೆ ಟಿಪ್ಪಣಿ ಬೇರೆ. ನಾವು ಹೋದದ್ದು ಅಕ್ಟೋಬರ್ 21ರ ವಾರ. ಟರ್ಕಿಯ ಸುದ್ದಿ ಹಿಂಬಾಲಿಸುವವರಿಗೆ ಆ ವಾರ ಅಂದರೆ ಗೊತ್ತಾಗುತ್ತದೆ. ಸೋಮವಾರ ಬೆಳಗಿನ ಕಾಫಿ ಮುಗಿಯುವ ಮುಂಚೆಯೇ ಆ ಶೀಟ್ ಕೆಲಸಕ್ಕೆ ಬಾರದ ಹಾಗಾಯಿತು.

ಮೊದಲು ಹುಡುಕಾಟದ ಕಥೆ ಹೇಳುತ್ತೇನೆ.

ಇಸ್ತಾಂಬುಲ್‌ನಲ್ಲಿ ಸ್ಪೀಕರ್ ಏಜೆನ್ಸಿಗಳಿಗೆ ಬರವಿಲ್ಲ. ಮೇಲ್ ಹಾಕಿದರೆ ಅವತ್ತೇ ಪಟ್ಟಿ ಬರುತ್ತದೆ. ಫೋಟೊದಲ್ಲಿ ಎಲ್ಲರೂ ಕೈ ಕಟ್ಟಿಕೊಂಡು ಪಕ್ಕಕ್ಕೆ ತಿರುಗಿ ನಿಂತಿರುತ್ತಾರೆ. ಜೊತೆಗೆ ಎರಡು ನಿಮಿಷದ ವಿಡಿಯೊ. ಹಿಂದೆ ಜೋರು ಸಂಗೀತ, ಮುಂದೆ ಎದ್ದು ನಿಂತು ಚಪ್ಪಾಳೆ ಹೊಡೆಯುವ ಜನ. ಅದನ್ನು ನೋಡಿ ಯಾರನ್ನೂ ಆರಿಸಲಾಗುವುದಿಲ್ಲ. ಅದಕ್ಕೇ ನಾನು ಒಂದೇ ಒಂದು ವಿಷಯ ಕೇಳುತ್ತೇನೆ: ಭಾಷಣ ಆದ ಮೇಲಿನ ಪ್ರಶ್ನೋತ್ತರದ ವಿಡಿಯೊ ಇದೆಯಾ, ಕತ್ತರಿ ಹಾಕದೆ ಇರೋದು? ಅರ್ಧಕ್ಕರ್ಧ ಜನ ಇಲ್ಲೇ ಉದುರಿಹೋಗುತ್ತಾರೆ. ಭಾಷಣ ಅನ್ನೋದು ನೂರು ಸಲ ಮಾಡಿ ಪಳಗಿದ್ದು, ಯಾರು ಬೇಕಾದರೂ ಚೆನ್ನಾಗಿ ಮಾಡುತ್ತಾರೆ. ಗೊತ್ತಿಲ್ಲದ ಪ್ರಶ್ನೆ ಬಂದಾಗ ಮುಖ ಹೇಗಾಗುತ್ತದೆ, ಅಲ್ಲಿ ನೋಡಬೇಕು.

ಟಿವಿ ಮುಖಗಳ ಆಸೆ ಕ್ಲೈಂಟ್‌ಗೆ ಇದ್ದೇ ಇರುತ್ತದೆ. ಟರ್ಕಿಯ ಸುದ್ದಿ ಚಾನೆಲ್‌ಗಳಲ್ಲಿ ರಾತ್ರಿ ಊಟ ಆದ ಮೇಲೆ ಶುರುವಾದ ಚರ್ಚೆ ಮಧ್ಯರಾತ್ರಿ ದಾಟುತ್ತದೆ. ಹಿಂದೆ ದೊಡ್ಡ ನಕ್ಷೆ, ಕೈಯಲ್ಲಿ ಕೋಲು, ನಿವೃತ್ತ ಸೇನಾಧಿಕಾರಿ, ಪ್ರೊಫೆಸರ್, ವಕೀಲ. ನಮ್ಮ ಕನ್ನಡ ಚಾನೆಲ್‌ಗಳನ್ನು ನೋಡಿ ಬೆಳೆದವರಿಗೆ ಹೊಸದೇನೂ ಅನ್ನಿಸುವುದಿಲ್ಲ. ಅಲ್ಲಿ ಹೆಸರು ಮಾಡಿದವರ ರೇಟ್ ಪ್ರೊಫೆಸರ್‌ಗಳ ರೇಟ್‌ಗಿಂತ ಹಲವು ಪಟ್ಟು. ಕಾರು ಬೇಕು, ಮ್ಯಾನೇಜರ್‌ಗೂ ರೂಮ್ ಬೇಕು, ಪ್ರಶ್ನೆಗಳು ಮೊದಲೇ ಬರವಣಿಗೆಯಲ್ಲಿ ಬೇಕು. ಪ್ರಶ್ನೆ ಮೊದಲೇ ಕೇಳಿದವರನ್ನು ನಾನು ಕೈಮುಗಿದು ಬಿಟ್ಟೆ.

ದುಡ್ಡಿನದ್ದು ಇನ್ನೊಂದು ಪುರಾಣ. ಆ ಸೆಪ್ಟೆಂಬರ್‌ನಲ್ಲಿ ಸರ್ಕಾರಿ ಲೆಕ್ಕದಲ್ಲೇ ಟರ್ಕಿಯ ಹಣದುಬ್ಬರ ಶೇ 49 ದಾಟಿತ್ತು. 2018ರ ಶುರುವಿನಲ್ಲಿ ಡಾಲರ್‌ಗೆ ನಾಲ್ಕು ಲಿರಾ ಕೂಡ ಇರಲಿಲ್ಲ, ನಾವು ಹೋಗುವ ಹೊತ್ತಿಗೆ 34 ಆಗಿತ್ತು. ಹೀಗಾಗಿ ಲಿರಾದಲ್ಲಿ ರೇಟ್ ಹೇಳಿದವರು ಅದು ಎಷ್ಟು ದಿನಕ್ಕೆ ಅಂತಲೂ ಹೇಳುತ್ತಿದ್ದರು. ಮಿಕ್ಕವರದ್ದೆಲ್ಲ ಯೂರೋ. ಬಿಲ್ ಮೇಲೆ ಶೇ 20 ಕೆಡಿವಿ, ಅಂದರೆ ಅಲ್ಲಿನ ವ್ಯಾಟ್. ಒಪ್ಪಂದಕ್ಕೆ ಸಹಿ ಹಾಕಿದರೆ ಸ್ಟಾಂಪ್ ತೆರಿಗೆ. ಅಲ್ಲಿಯವರು ರೇಟ್ ಹೇಳುವುದು ತೆರಿಗೆಯೆಲ್ಲ ಕಳೆದು ಕೈಗೆ ಬರಬೇಕಾದ ಮೊತ್ತ. ಮಿಕ್ಕದ್ದನ್ನು ಯಾರು ಕಟ್ಟಬೇಕು ಅಂತ ಮೊದಲೇ ಬರೆದುಕೊಳ್ಳದಿದ್ದರೆ ಕೊನೆಗೆ ಜಗಳ ಗ್ಯಾರಂಟಿ. ಮುಂದೆ ಯಾರಾದರೂ ಈ ಕೆಲಸಕ್ಕೆ ಹೊರಟರೆ ಇದೊಂದನ್ನು ನೆನಪಿಟ್ಟುಕೊಳ್ಳಿ, ಸಾಕು.

ಕೊನೆಗೆ ಕೈಯಲ್ಲಿ ಉಳಿದವರು: ಒಬ್ಬ ಇತಿಹಾಸದ ಪ್ರೊಫೆಸರ್, ಗೇಮ್ ಸ್ಟುಡಿಯೊ ನಡೆಸುವ ಒಬ್ಬ ಹುಡುಗ, ಜನಾಭಿಪ್ರಾಯ ಸಮೀಕ್ಷೆ ಮಾಡುವ ಒಬ್ಬರು, ಮತ್ತು ಕೆಲಸ ಕಳೆದುಕೊಂಡ ಮೇಲೆ ಯೂಟ್ಯೂಬ್‌ಗೆ ಬಂದ ಒಬ್ಬ ಹಿರಿಯ ಪತ್ರಕರ್ತೆ. ರಾಜಕೀಯಕ್ಕೆ ಸರ್ಕಾರದ ಪರ ಒಬ್ಬರು, ವಿರೋಧ ಒಬ್ಬರು ಇರಲಿ ಅಂತ ಕ್ಲೈಂಟ್ ಹೇಳಿದ್ದರು. ಇಬ್ಬರನ್ನು ಕೂರಿಸಿದರೆ ಅದು ಟಿವಿ ಚರ್ಚೆ ಆಗುತ್ತದೆ, ಬೇಡ ಅಂದೆ. ಸಮೀಕ್ಷೆಯವರಿಗೆ ಇಬ್ಬರ ಮನೆ ಬಾಗಿಲೂ ಗೊತ್ತಿರುತ್ತದೆ, ಅಲ್ವಾ?

ಪ್ರೊಫೆಸರ್ ಜೊತೆ ಮಾತಾಡುವಾಗ ಮೊದಲ ದಿನವೇ ಒಂದು ವಿಷಯ ಹಿಡಿದುಕೊಂಡೆ. ಹೆಸರಿನ ಮುಂದೆ ಮಿಸ್ಟರ್ ಹಾಕುವುದಲ್ಲ, ಹೆಸರಿನ ಹಿಂದೆ ಬೇ ಅಥವಾ ಹನಮ್ ಸೇರಿಸಬೇಕು. ಪಾಠ ಹೇಳುವವರಾದರೆ ಹೋಜಾಮ್, ಥೇಟ್ ನಮ್ಮ ಮೇಷ್ಟ್ರೇ ಇದ್ದ ಹಾಗೆ. ಹೋಜಾಮ್ ಅಂದ ತಕ್ಷಣ ಅವರ ಧ್ವನಿಯೇ ಬದಲಾಯಿತು. ಎಷ್ಟು ಹೊತ್ತು ಮಾತಾಡಬೇಕು ಅಂತ ಕೇಳಿದರು. ನಲವತ್ತು ನಿಮಿಷ ಅಂದೆ. ನಕ್ಕರು. 1927ರ ಅಕ್ಟೋಬರ್‌ನಲ್ಲಿ ಟರ್ಕಿ ಗಣರಾಜ್ಯ ಕಟ್ಟಿದ ಅತಾತುರ್ಕ್ ತಮ್ಮ ಪಕ್ಷದ ಸಮಾವೇಶದಲ್ಲಿ ಒಂದೇ ಭಾಷಣವನ್ನು ಆರು ದಿನ, ಒಟ್ಟು 36 ಗಂಟೆ ಮಾಡಿದ್ದರು. "ಆ ದೇಶದವನಿಗೆ ನಲವತ್ತು ನಿಮಿಷ ಕೊಡ್ತಿದ್ದೀರಲ್ಲ" ಅಂದರು.

ಅವರಿಗೆ ನಾನು ಕೇಳಿದ್ದು ಒಂದೇ. ಸುಲ್ತಾನರ ವೈಭವ, ಜನಾನಾ, ಹಗಿಯಾ ಸೋಫಿಯಾ ಇವನ್ನು ಗೈಡ್‌ಗಳು ಹೇಳುತ್ತಾರೆ. ಬಂದವರು ಬೆಂಗಳೂರು, ಮೈಸೂರಿನವರು. ಅವರಿಗೆ ತಾಗುವ ಹಾಗೆ ಏನಾದರೂ ಇದೆಯಾ? ಯೋಚಿಸಿ ಹೇಳ್ತೀನಿ ಅಂದವರು ಮಾರನೇ ದಿನ ತಾವೇ ಫೋನ್ ಮಾಡಿದರು. "ನಿಮ್ಮ ಟಿಪ್ಪು ಇಲ್ಲಿಗೆ ಜನ ಕಳಿಸಿದ್ದ, ಗೊತ್ತಲ್ಲ?"

ಕೇಳಿದ್ದೆ ಅಷ್ಟೇ, ವಿವರ ಗೊತ್ತಿರಲಿಲ್ಲ.

ದುಭಾಷಿಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪ್ರೊಫೆಸರ್ ಮತ್ತು ಸಮೀಕ್ಷೆಯವರು ಇಬ್ಬರೂ ಟರ್ಕಿಶ್‌ನಲ್ಲೇ ಮಾತಾಡುತ್ತೇವೆ ಅಂದರು. ನನಗೂ ಅದೇ ಬೇಕಿತ್ತು. ಬಾರದ ಇಂಗ್ಲಿಷ್‌ನಲ್ಲಿ ತಡವರಿಸುವ ಬದಲು ತಮ್ಮ ಭಾಷೆಯಲ್ಲಿ ಬಿಡುಬೀಸಾಗಿ ಮಾತಾಡಲಿ. ಈ ಕೆಲಸಕ್ಕೆ ಯಾವಾಗಲೂ ಇಬ್ಬರು ಬರುತ್ತಾರೆ. ಹಾಲ್‌ನ ಹಿಂದೆ ಗಾಜಿನ ಬೂತ್‌ನಲ್ಲಿ ಕೂತು, ಅರ್ಧ ಗಂಟೆಗೊಮ್ಮೆ ಮೈಕ್ ಬದಲಾಯಿಸಿಕೊಳ್ಳುತ್ತಾರೆ. ಒಬ್ಬರೇ ಸಾಕಲ್ವಾ, ದುಡ್ಡು ಉಳಿಯುತ್ತೆ ಅಂತ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಒಂದು ಗಂಟೆ ಕೇಳುತ್ತಲೇ ಮಾತಾಡಿ ನೋಡಿ, ಗೊತ್ತಾಗುತ್ತದೆ.

ಬಂದಿದ್ದ ಇಬ್ಬರಲ್ಲಿ ಹಿರಿಯಾಕೆ ಬಹಳ ಅಚ್ಚುಕಟ್ಟು. ಸ್ಲೈಡ್‌ಗಳು, ಹೆಸರುಗಳ ಪಟ್ಟಿ ಮೊದಲೇ ತರಿಸಿಕೊಂಡರು. ಆಮೇಲೆ, ನಿಮ್ಮವರು ಇಂಗ್ಲಿಷ್ ಮಾತಾಡುವ ರೆಕಾರ್ಡಿಂಗ್ ಇದ್ದರೆ ಕಳಿಸಿ ಅಂದರು. ಹಳೆಯ ಮೀಟಿಂಗ್ ಒಂದರ ಆಡಿಯೊ ಕಳಿಸಿದೆ. ಸೋಮವಾರ ಬೆಳಿಗ್ಗೆ ಬೂತ್ ಒಳಗೆ ಇಣುಕಿದರೆ ಗಾಜಿನ ಮೇಲೆ ಹಳದಿ ಚೀಟಿ ಅಂಟಿಸಿದ್ದರು. ಅದರಲ್ಲಿ ಲಕ್ಷ ಅಂದರೆ ಒಂದರ ಮುಂದೆ ಐದು ಸೊನ್ನೆ, ಕೋಟಿ ಅಂದರೆ ಏಳು ಸೊನ್ನೆ ಅಂತ ಕೈಬರಹ. ಕೆಳಗೆ ಕೆಂಪು ಇಂಕಿನಲ್ಲಿ, ಬಿಲಿಯನ್ ಅಂದರೆ ನೂರು ಕೋಟಿ. ಇಂಥವರು ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ.

ಸೋಮವಾರ ಬೆಳಿಗ್ಗೆ ಉಪಾಹಾರದ ಹೊತ್ತಿಗೆ ಎಲ್ಲರ ಫೋನ್‌ನಲ್ಲೂ ಒಂದೇ ಸುದ್ದಿ. ಫೆತುಲ್ಲಾ ಗುಲೆನ್ ಅಮೆರಿಕದಲ್ಲಿ ತೀರಿಕೊಂಡಿದ್ದರು. 1999ರಿಂದ ಪೆನ್ಸಿಲ್ವೇನಿಯಾದಲ್ಲಿದ್ದ ಧರ್ಮಬೋಧಕ. 2016ರ ಜುಲೈ 15ರ ವಿಫಲ ಸೇನಾ ದಂಗೆಯ ಹಿಂದೆ ಇದ್ದದ್ದು ಇವರೇ ಅಂತ ಟರ್ಕಿ ಸರ್ಕಾರ ಹೇಳುತ್ತದೆ. ಅವರು ಕೊನೆಯವರೆಗೂ ಇಲ್ಲ ಅಂದರು. ಹೋಟೆಲ್ ಸಿಬ್ಬಂದಿಯ ಮುಖ ನೋಡಿಯೇ ದೊಡ್ಡ ಸುದ್ದಿ ಅಂತ ನಮ್ಮವರಿಗೆ ಗೊತ್ತಾಯಿತು.

ಪ್ರೊಫೆಸರ್ ಮಾತ್ರ ಏನೂ ಆಗದವರ ಹಾಗೆ ಟಿಪ್ಪುವಿನಿಂದಲೇ ಶುರು ಮಾಡಿದರು. ಪರದೆಯ ಮೇಲೆ ನಕ್ಷೆ. ಶ್ರೀರಂಗಪಟ್ಟಣ, ಮಸ್ಕತ್, ಬಸ್ರಾ, ಬಾಗ್ದಾದ್, ಕಾನ್‌ಸ್ಟಾಂಟಿನೋಪಲ್ ಅಂದರೆ ಇವತ್ತಿನ ಇಸ್ತಾಂಬುಲ್. 1786ರಲ್ಲಿ ಹಡಗು ಹತ್ತಿದ ರಾಯಭಾರಿಗಳ ತಂಡ, ಮುಖ್ಯಸ್ಥ ಗುಲಾಮ್ ಅಲಿ ಖಾನ್. ಜೊತೆಗೆ ನೂರಾರು ಜನ. ಹಡಗು ಒಡೆದು ಕೆಲವರು, ಪ್ಲೇಗ್ ಬಡಿದು ಇನ್ನೂ ಎಷ್ಟೋ ಜನ ಸತ್ತರು. ಮೈಸೂರಿಗೆ ವಾಪಸ್ ಬಂದವರು ಕೆಲವೇ ಮಂದಿ. ಕೇಳಲು ಬಂದದ್ದು ಏನು? ಬ್ರಿಟಿಷರ ವಿರುದ್ಧ ಸಹಾಯ, ಬಸ್ರಾ ಬಂದರಿನಲ್ಲಿ ವ್ಯಾಪಾರದ ಹಕ್ಕು, ಅದಕ್ಕೆ ಬದಲಾಗಿ ಇಲ್ಲಿ ಆಗ ಆಳುತ್ತಿದ್ದ ಆಟೊಮನ್ನರಿಗೆ ಮಂಗಳೂರಿನಲ್ಲಿ ಜಾಗ. ಜೊತೆಗೆ ಕುಶಲಕರ್ಮಿಗಳು. ತಂಡ ರಾಜಧಾನಿ ಮುಟ್ಟುವ ಹೊತ್ತಿಗೆ, ಅಂದರೆ 1787ರಲ್ಲಿ, ಆಟೊಮನ್ನರು ರಷ್ಯಾ ಜೊತೆ ಯುದ್ಧಕ್ಕೆ ಇಳಿದಿದ್ದರು. ಬ್ರಿಟಿಷರನ್ನು ಎದುರು ಹಾಕಿಕೊಳ್ಳುವ ಸ್ಥಿತಿ ಇರಲಿಲ್ಲ. ಮರ್ಯಾದೆ ಸಿಕ್ಕಿತು, ಉಡುಗೊರೆ ಸಿಕ್ಕಿತು, ಸೈನ್ಯ ಸಿಗಲಿಲ್ಲ.

ಅದಾಗಿ ಹತ್ತು ವರ್ಷದ ಮೇಲೆ ನೆಪೋಲಿಯನ್ ಈಜಿಪ್ಟ್ ಹಿಡಿದಾಗ ಸುಲ್ತಾನ್ ಮೂರನೇ ಸೆಲೀಮ್ ಟಿಪ್ಪುವಿಗೆ ಕಾಗದ ಬರೆದ. ಫ್ರೆಂಚರ ಸಹವಾಸ ಬಿಡು ಅಂತ. ಆ ಕಾಗದ ಬಂದದ್ದು ಯಾರ ಕೈಯಿಂದ ಅಂತೀರಿ? ಬ್ರಿಟಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿ ಕೈಯಿಂದ! 1799ರ ಮೇ 4ಕ್ಕೆ ಟಿಪ್ಪು ಸತ್ತ. ಹಾಲ್‌ನಲ್ಲಿ ಮೈಸೂರಿನ ಇಬ್ಬರು ಪೆನ್ನು ಕೆಳಗಿಟ್ಟು ಕೂತುಬಿಟ್ಟಿದ್ದರು. ಶ್ರೀರಂಗಪಟ್ಟಣಕ್ಕೆ ಎಷ್ಟು ಸಲ ಪಿಕ್ನಿಕ್ ಹೋಗಿದ್ದೀವೋ ಲೆಕ್ಕ ಇಲ್ಲ, ಈ ತುದಿಯಿಂದ ಆ ಕಥೆ ಕೇಳಿರಲಿಲ್ಲ.

ಮೊದಲ ಪ್ರಶ್ನೆ ಟಿಪ್ಪುವಿನ ಬಗ್ಗೆ ಇರಲಿಲ್ಲ. "ಇವತ್ತು ಬೆಳಿಗ್ಗೆ ಸತ್ತರಲ್ಲ, ಅವರು ಯಾರು?" ಕ್ಲೈಂಟ್ ಮೇಡಂ ನನ್ನ ಕಡೆ ನೋಡಿದರು. ಅದು ಬುಧವಾರದ ಕಾಲಂ. ಪ್ರೊಫೆಸರ್ ನೀರು ಕುಡಿದು, 1925ರಿಂದ ಹಿಡಿದರು. ಆ ವರ್ಷ ನವೆಂಬರ್‌ನಲ್ಲಿ ಗಣರಾಜ್ಯ ಸೂಫಿ ಮಠಗಳನ್ನೆಲ್ಲ ಕಾನೂನು ಮಾಡಿ ಮುಚ್ಚಿಸಿತು. ಬಾಗಿಲು ಮುಚ್ಚಿತು, ಜನ ಎಲ್ಲಿ ಹೋಗುತ್ತಾರೆ? ಮನೆಗಳಲ್ಲಿ ಸೇರಿದರು. ಮುಂದೆ ಅಂಥ ಗುಂಪುಗಳು ಶಾಲೆ, ಹಾಸ್ಟೆಲ್, ಟ್ಯೂಷನ್ ಸೆಂಟರ್, ಪತ್ರಿಕೆ, ಬ್ಯಾಂಕ್ ರೂಪದಲ್ಲಿ ಹೊರಗೆ ಬಂದವು. ಗುಲೆನ್ ಅವರದ್ದು ಅವುಗಳಲ್ಲೇ ದೊಡ್ಡದು. ಅವರ ಕಡೆಯ ಜಮಾನ್ ಪತ್ರಿಕೆ ಒಂದು ಕಾಲಕ್ಕೆ ದೇಶದಲ್ಲೇ ಹೆಚ್ಚು ಪ್ರಸಾರದ್ದು. ಮುಂದೆ ಅಧ್ಯಕ್ಷರಾದ ಎರ್ಡೋಗನ್ ಜೊತೆ ಮೊದಲು ದೋಸ್ತಿ, 2013ರಲ್ಲಿ ಮುರಿದುಬಿತ್ತು, 2016ರ ಮಾರ್ಚ್‌ನಲ್ಲಿ ಪತ್ರಿಕೆ ಸರ್ಕಾರದ ಕೈಗೆ ಹೋಯಿತು, ಜುಲೈನಲ್ಲಿ ದಂಗೆ. ಇತಿಹಾಸ, ರಾಜಕೀಯ, ಮೀಡಿಯಾ ಮೂರೂ ಒಂದೇ ಉತ್ತರದಲ್ಲಿ ಬಂದವು. ಇನ್ನೋವೇಶನ್ ಒಂದು ಬಾಕಿ ಇತ್ತು, ಅಷ್ಟೇ.

ಅದು ಮಂಗಳವಾರ. ಗೇಮ್ ಸ್ಟುಡಿಯೊ ಹುಡುಗ ಟೀಶರ್ಟ್‌ನಲ್ಲಿ ಬಂದ, ಇಂಗ್ಲಿಷ್‌ನಲ್ಲೇ ಮಾತಾಡಿದ, ದುಡ್ಡೂ ಬೇಡ ಅಂದಿದ್ದ. ಇಸ್ತಾಂಬುಲ್ ಮೊಬೈಲ್ ಗೇಮ್‌ಗಳ ಊರು ಅಂತ ನಮ್ಮವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ ಕಾಣೆ. 2010ರಲ್ಲಿ ಶುರುವಾದ ಪೀಕ್ ಗೇಮ್ಸ್ ಅನ್ನು 2020ರಲ್ಲಿ ಅಮೆರಿಕದ ಗೇಮ್ ಕಂಪನಿ ಝಿಂಗಾ 180 ಕೋಟಿ ಡಾಲರ್‌ಗೆ ಕೊಂಡಿತು. ಅಲ್ಲಿಂದ ಹೊರಬಂದವರು ಕಟ್ಟಿದ್ದೇ ರಾಯಲ್ ಮ್ಯಾಚ್ ಅನ್ನುವ ಗೇಮ್ ಮಾಡಿದ ಡ್ರೀಮ್ ಗೇಮ್ಸ್. ಅದಕ್ಕೂ ಮುಂಚೆ 2015ರಲ್ಲಿ ಊಟ ತಲುಪಿಸುವ ಯೆಮೆಕ್‌ಸೆಪೆತಿ 58.9 ಕೋಟಿ ಡಾಲರ್‌ಗೆ ಮಾರಾಟವಾದಾಗ, ಅದರ ಸ್ಥಾಪಕ ನೆವ್ಜಾತ್ ಆಯ್ದಿನ್ 2.7 ಕೋಟಿ ಡಾಲರ್ ಅನ್ನು 114 ನೌಕರರಿಗೆ ಹಂಚಿದ್ದರು. ಈ ಲೆಕ್ಕ ಕೇಳಿ ನಮ್ಮ ಗುಂಪಿನ ಎಚ್‌ಆರ್ ಒಬ್ಬರು ಮಾತ್ರ ಅಷ್ಟೇನೂ ಖುಷಿಪಡಲಿಲ್ಲ.

ಬೆಂಗಳೂರಿನವರು ಎದ್ದು ಕೂತದ್ದು ಗೆತಿರ್ ಹೆಸರು ಬಂದಾಗ. ಹತ್ತು ನಿಮಿಷದಲ್ಲಿ ಸಾಮಾನು ಮನೆಗೆ ಅಂತ 2015ರಲ್ಲಿ ಶುರುವಾದ ಕಂಪನಿ. 2022ರಲ್ಲಿ ಅದರ ಬೆಲೆ 1,200 ಕೋಟಿ ಡಾಲರ್ ಹತ್ತಿರ ಹೋಗಿತ್ತು. 2024ರ ಏಪ್ರಿಲ್‌ನಲ್ಲಿ ಅಮೆರಿಕ, ಬ್ರಿಟನ್, ಯುರೋಪ್ ಎಲ್ಲ ಬಿಟ್ಟು ಟರ್ಕಿಗೆ ವಾಪಸ್. ಮನೆಗೆ ಸಾಮಾನು ತಲುಪಿಸುತ್ತಿದ್ದ ನಮ್ಮ ಡುಂಜೊ ಬವಣೆ ಕಣ್ಣಾರೆ ಕಂಡವರಿಗೆ ಮೇಲೆ ವಿವರಣೆ ಬೇಕಿರಲಿಲ್ಲ.

ಇದು ಅಪ್ಪಟ ವ್ಯಾಪಾರದ ಮಾತಾಗಿಯೇ ಉಳಿಯುತ್ತೆ ಅಂದುಕೊಳ್ಳುತ್ತಿದ್ದೆ. ಆಗ ಯಾರೋ, ನಿಮಗೆ ಇಲ್ಲಿ ದೊಡ್ಡ ತಲೆನೋವು ಯಾವುದು ಅಂತ ಕೇಳಿದರು. ಬಂಡವಾಳ ಅನ್ನುತ್ತಾನೆ ಅಂದುಕೊಂಡರೆ, "ಬೆಳಿಗ್ಗೆ ಎದ್ದಾಗ ಯಾವ ಆ್ಯಪ್ ಓಡುತ್ತೆ ಅನ್ನೋದು" ಅಂದ. ಆ ಆಗಸ್ಟ್‌ನಲ್ಲಿ ಸರ್ಕಾರದ ಆದೇಶದಿಂದ ಇನ್‌ಸ್ಟಾಗ್ರಾಮ್ ಒಂದು ವಾರಕ್ಕೂ ಜಾಸ್ತಿ ಬಂದ್ ಆಗಿತ್ತು. ಮಕ್ಕಳು ಗೇಮ್ ಆಡುವ ರಾಬ್ಲಾಕ್ಸ್ ಆಗಸ್ಟ್‌ನಿಂದ ಬಂದ್. ಗೇಮ್ ಆಡುವವರು, ಮಾಡುವವರು ಎಲ್ಲ ಹರಟುವ ಡಿಸ್ಕಾರ್ಡ್ ನಾವು ಹೋಗುವ ಎರಡು ವಾರ ಮುಂಚೆ ಬಂದ್. ಅವನ ತಂಡದವರು ಒಬ್ಬರಿಗೊಬ್ಬರು ಫೈಲ್ ಕಳಿಸಿಕೊಳ್ಳುತ್ತಿದ್ದದ್ದೂ ಅದರಲ್ಲೇ.

ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಸೌಂಡ್ ನೋಡಿಕೊಳ್ಳುತ್ತಿದ್ದ ಹುಡುಗರು ಫೋನ್‌ಗೆ ಮುಖ ಹಾಕಿ ಪಿಸಪಿಸ ಶುರು ಮಾಡಿದ್ದರು. ಅಂಕಾರಾದಲ್ಲಿ ಎರ್ಡೋಗನ್ ಮಿತ್ರಪಕ್ಷವಾದ, ಕಟ್ಟಾ ರಾಷ್ಟ್ರೀಯವಾದಿ ಎಂಎಚ್‌ಪಿಯ ನಾಯಕ ದೆವ್ಲೆತ್ ಬಹ್ಚೆಲಿ ಪಕ್ಷದ ಸಭೆಯಲ್ಲಿ ಹೇಳಿದ್ದರು: ಸರ್ಕಾರದ ವಿರುದ್ಧ ಬಂದೂಕು ಹಿಡಿದ ಕುರ್ದ್ ಸಂಘಟನೆ ಪಿಕೆಕೆಯ ಸ್ಥಾಪಕ, ಜೈಲಿನಲ್ಲಿರುವ ಓಜಲಾನ್ ಸಂಸತ್ತಿಗೆ ಬಂದು, ಪಿಕೆಕೆ ಮುಗಿಯಿತು ಅಂತ ಘೋಷಿಸಲಿ. ನಮಗೆ ಅದು ಇನ್ನೊಂದು ಹೇಳಿಕೆ. ಅವರಿಗೆ ನೆಲ ಅದುರಿದ ಹಾಗೆ. ಸಮೀಕ್ಷೆಯವರು ಸಂಜೆ ಮೆಸೇಜ್ ಹಾಕಿದರು. ನಾಳಿನ ಸ್ಲೈಡ್ ಬದಲಾಯಿಸುತ್ತೇನೆ, ರಾತ್ರಿ ಕಳಿಸುತ್ತೇನೆ.

ರಾತ್ರಿ ಸ್ಲೈಡ್ ಬಂತು. ದುಭಾಷಿಗಳಿಗೆ ಕಳಿಸಿದೆ. ಬುಧವಾರ ಸಂಜೆ ಐದಕ್ಕೆ ಸೆಷನ್. ಮಧ್ಯಾಹ್ನ ಮೂರೂವರೆ ಸುಮಾರಿಗೆ ಅಂಕಾರಾ ಹೊರವಲಯದ ತುಸಾಷ್ ಮೇಲೆ ದಾಳಿಯಾಯಿತು. ದೇಶದ ವಿಮಾನ ತಯಾರಿಸುವ ಸಂಸ್ಥೆ, ಹೊಸ ಯುದ್ಧವಿಮಾನ ಕಾನ್ ತಯಾರಾಗುವ ಜಾಗ. ಐದು ಜನ ಸತ್ತರು. ಲಾಬಿಯ ಟಿವಿಯಲ್ಲಿ ಒಂದಷ್ಟು ಹೊತ್ತು ಬಂದೂಕು ಹಿಡಿದವರ ಚಿತ್ರ ಬಂತು, ಆಮೇಲೆ ನಿಂತುಹೋಯಿತು. ಪ್ರಸಾರಕ್ಕೆ ನಿರ್ಬಂಧ ಹೇರಿದ್ದರು. ಎಕ್ಸ್, ಇನ್‌ಸ್ಟಾಗ್ರಾಮ್, ಯೂಟ್ಯೂಬ್ ತೆವಳತೊಡಗಿದವು. ಬೆಂಗಳೂರಿನಿಂದ ಮನೆಯವರ ಫೋನ್ ಮೇಲೆ ಫೋನ್. ನಾವು ಇಸ್ತಾಂಬುಲ್‌ನಲ್ಲಿದ್ದೀವಿ, ಅದು ಅಂಕಾರಾ, ದೂರ ಇದೆ ಅಂತ ಎಲ್ಲರೂ ಲಾಬಿಯಲ್ಲಿ ಒಂದೇ ವಾಕ್ಯ ಹೇಳುತ್ತಿದ್ದರು.

ಸೆಷನ್ ರದ್ದು ಮಾಡೋಣ ಅಂತ ಕ್ಲೈಂಟ್ ಮೇಡಂ ಅಂದರು. ಬರುತ್ತೇನೆ, ಸ್ಲೈಡ್ ಬೇಡ ಅಂತ ಸಮೀಕ್ಷೆಯವರು ಫೋನ್‌ನಲ್ಲಿ ಹೇಳಿದರು. ಬಂದರು. ಕೂತುಕೊಂಡೇ ಮಾತಾಡಿದರು. ಮೊದಲ ವಾಕ್ಯ ಇದು: "ದಾಳಿ ಮಾಡಿದ್ದು ಯಾರು ಅಂತ ಕೇಳಬೇಡಿ. ಇವತ್ತು ರಾತ್ರಿ ಟಿವಿಯಲ್ಲಿ ಎಲ್ಲರಿಗೂ ಗೊತ್ತಿರುತ್ತೆ, ನನಗೆ ಗೊತ್ತಿಲ್ಲ." ಎರಡು ದಿನದ ಮೇಲೆ ಪಿಕೆಕೆ ಹೊಣೆ ಹೊತ್ತುಕೊಂಡಿತು. ಆದರೆ ಆ ಸಂಜೆ ಹಾಗೆ ಹೇಳುವುದಕ್ಕೂ ಧೈರ್ಯ ಬೇಕು. ಈ ಮನುಷ್ಯನನ್ನು ಆರಿಸಿದ್ದೂ ಅದಕ್ಕೇ. ಅವರ ಪ್ರಶ್ನೋತ್ತರದ ವಿಡಿಯೊದಲ್ಲಿ 2023ರ ಚುನಾವಣೆಯ ಬಗ್ಗೆ ಒಂದು ಮಾತಿತ್ತು. ಹೆಚ್ಚಿನ ಸಮೀಕ್ಷೆಗಳು ವಿರೋಧ ಪಕ್ಷಗಳ ಅಭ್ಯರ್ಥಿ ಕಿಲಿಚ್‌ದಾರೊಗ್ಲು ಮುಂದಿದ್ದಾರೆ ಅಂದಿದ್ದವು. ಮೊದಲ ಸುತ್ತಿನಲ್ಲಿ ಎರ್ಡೋಗನ್‌ಗೆ ಶೇ 49.5, ಕಿಲಿಚ್‌ದಾರೊಗ್ಲುಗೆ ಶೇ 44.9. ನಾವು ತಪ್ಪಿದ್ದು ಎಲ್ಲಿ ಅಂತ ಅವರು ಅಲ್ಲಿ ನೆಪ ಹೇಳದೆ ವಿವರಿಸಿದ್ದರು.

ಬಹ್ಚೆಲಿ ಮಾತು ಯಾಕೆ ಅಷ್ಟು ದೊಡ್ಡದು ಅಂತ ಬಿಡಿಸಿದರು. 2007ರಲ್ಲಿ ಇದೇ ಮನುಷ್ಯ ಎರ್ಜುರುಮ್‌ನ ಸಭೆಯಲ್ಲಿ ವೇದಿಕೆಯಿಂದ ಹಗ್ಗ ಎಸೆದಿದ್ದರು, ಓಜಲಾನ್‌ನನ್ನು ನೇಣಿಗೆ ಹಾಕಿ ಅಂತ. ಅದೇ ಕೈ ಈಗ ಸಂಸತ್ತಿಗೆ ಕರೆಯುತ್ತಿದೆ. ಯಾಕೆ? ಅವರ ಲೆಕ್ಕ ಹೀಗಿತ್ತು: 600 ಜನರ ಸಂಸತ್ತಿನಲ್ಲಿ ಅವಧಿಗೆ ಮುಂಚೆ ಚುನಾವಣೆ ಕರೆಯಲು 360 ಮತ ಬೇಕು. ಸಂಸತ್ತು ಹಾಗೆ ಕರೆದರೆ ಮಾತ್ರ ಎರ್ಡೋಗನ್ ಈಗಿನ ಸಂವಿಧಾನದಲ್ಲಿ ಇನ್ನೊಮ್ಮೆ ನಿಲ್ಲಬಹುದು. ಆಳುವ ಕೂಟದ ಹತ್ತಿರ ಅಷ್ಟಿಲ್ಲ. ಕುರ್ದರ ಪರ ಪಕ್ಷದ ಹತ್ತಿರ ಮತಗಳಿವೆ. ಮೇಲಿಂದ ಆ ಮಾರ್ಚ್‌ನ ಸ್ಥಳೀಯ ಚುನಾವಣೆಯಲ್ಲಿ ಎರ್ಡೋಗನ್ ಅವರ ಎಕೆ ಪಕ್ಷ ಹುಟ್ಟಿದ ಮೇಲೆ ಮೊದಲ ಸಲ ದೇಶದಲ್ಲಿ ಎರಡನೇ ಸ್ಥಾನಕ್ಕೆ ಇಳಿದಿತ್ತು, ಶೇ 35.5. ವಿರೋಧದ ಸಿಎಚ್‌ಪಿ ಶೇ 37.8. ಇದು ನನ್ನ ಊಹೆ, ಸಮೀಕ್ಷೆ ಅಲ್ಲ ಅಂತ ಮಧ್ಯೆ ಸೇರಿಸಿದರು. ನಮ್ಮವರು ಕರ್ನಾಟಕದ ರೆಸಾರ್ಟ್ ರಾಜಕೀಯ ನೋಡಿ ಪಳಗಿದವರು, ಸಂಖ್ಯೆಯ ಆಟ ತಕ್ಷಣ ತಲೆಗೆ ಹೋಯಿತು.

ಗುರುವಾರ ಮೀಡಿಯಾ. ಪತ್ರಕರ್ತೆಯ ಜೊತೆ ನನ್ನ ಮೊದಲ ಫೋನ್ ಕರೆಯಲ್ಲಿ ಪ್ರಶ್ನೆ ಕೇಳಿದ್ದೆಲ್ಲ ಅವರೇ. ಕೂತಿರುವವರು ಯಾರು? ರೆಕಾರ್ಡ್ ಆಗುತ್ತಾ? ಫೋಟೊ ಹಾಕ್ತೀರಾ? ಕೋರ್ಟಿನಲ್ಲಿರುವ ಕೇಸ್‌ಗಳ ಬಗ್ಗೆ ಅಭಿಪ್ರಾಯ ಕೇಳಿದರೆ ಹೇಳುವುದಿಲ್ಲ, ಆಗಿದ್ದು ಏನು ಅಂತ ಮಾತ್ರ ಹೇಳುತ್ತೇನೆ. ಅಧ್ಯಕ್ಷರಿಗೆ ಅವಮಾನ ಮಾಡಿದರೆ ಜೈಲು ಅನ್ನುವ ಕಲಂ ಅಲ್ಲಿ ಇದೆ. 2022ರ ಅಕ್ಟೋಬರ್‌ನಲ್ಲಿ ಬಂದ ಕಾನೂನಿನ ಪ್ರಕಾರ ಸುಳ್ಳು ಸುದ್ದಿ ಹರಡಿದರೆ ಮೂರು ವರ್ಷದವರೆಗೆ ಜೈಲು. ಇದನ್ನು ಅವರು ದೂರಿನ ಹಾಗೆ ಹೇಳಲಿಲ್ಲ. ಅಡುಗೆ ಮನೆಯಲ್ಲಿ ಬಿಸಿ ಪಾತ್ರೆ ಯಾವುದು ಅಂತ ತೋರಿಸುವವರ ಹಾಗೆ ಹೇಳಿದರು. ರೆಕಾರ್ಡ್ ಬೇಡ ಅಂತ ಒಪ್ಪಂದದಲ್ಲೇ ಬರೆದೆವು. ಕ್ಲೈಂಟ್ ಕಡೆಯವರು ಇದಕ್ಕೆ ಸ್ವಲ್ಪ ಗೊಣಗಿದರು. ಅವರಿಗೆ ತಮ್ಮ ಪೇಜ್‌ಗೆ ಹಾಕಲು ವಿಡಿಯೊ ಬೇಕಿತ್ತು. ಟರ್ಕಿ ಸೀರಿಯಲ್‌ಗಳ ಬಗ್ಗೆ ಮಾತಾಡಿದರೆ ಸಾಕಲ್ವಾ, ಫೆರಿಹಾ ಹಿಂದಿಯಲ್ಲಿ ನಮ್ಮ ಮನೆಯವರೆಲ್ಲ ನೋಡಿದ್ದಾರೆ ಅಂತಲೂ ಒಬ್ಬರು ಅಂದರು. ಸೀರಿಯಲ್ ಟರ್ಕಿಗೆ ನಿಜಕ್ಕೂ ದೊಡ್ಡ ರಫ್ತು. ಆದರೆ ಗಂಡಾಂತರ ಇಲ್ಲದ ವಿಷಯ ಅಂತ ಅದನ್ನು ಆರಿಸಿಕೊಳ್ಳುವುದು ನನಗೆ ಸರಿ ಕಾಣಲಿಲ್ಲ.

ಅವರು ಬಂದದ್ದು ಕಂಕುಳಲ್ಲಿ ಅವತ್ತಿನ ಪೇಪರ್‌ಗಳ ಕಟ್ಟು ಇಟ್ಟುಕೊಂಡು. ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಹರಡಿದರು. ಭಾಷೆ ಬಾರದಿದ್ದರೂ ಪರವಾಗಿಲ್ಲ, ಹತ್ತಿರ ಬಂದು ಚಿತ್ರ ನೋಡಿ, ಅಕ್ಷರದ ಗಾತ್ರ ನೋಡಿ ಅಂದರು. ನಮ್ಮವರು ಕುರ್ಚಿ ಬಿಟ್ಟು ಮೇಜಿನ ಸುತ್ತ ನಿಂತರು. ಆಮೇಲೆ ಕೈಚೀಲದಿಂದ ಇನ್ನೊಂದು ಹಾಳೆ ತೆಗೆದರು. 2013ರ ಜೂನ್ 7ರಂದು ಏಳು ಪತ್ರಿಕೆಗಳ ಮುಖಪುಟ. ಇಸ್ತಾಂಬುಲ್‌ನ ಗೆಜಿ ಪಾರ್ಕ್ ಉಳಿಸಲು ಶುರುವಾಗಿ ಸರ್ಕಾರದ ವಿರುದ್ಧ ತಿರುಗಿದ ಪ್ರತಿಭಟನೆಯ ದಿನಗಳು. ಏಳರಲ್ಲೂ ಎರ್ಡೋಗನ್ ಮಾತಿನ ಅದೇ ತಲೆಬರಹ.

ಅಲ್ಲಿಂದ ಅವರು ಒಂದೇ ಒಂದು ಚಾನೆಲ್ ಹಿಡಿದುಕೊಂಡರು. ಸಿಎನ್‌ಎನ್ ಟರ್ಕ್. ಗೆಜಿ ಗಲಾಟೆ ಜೋರಾಗಿದ್ದ ರಾತ್ರಿ, ಅಮೆರಿಕದ ಸಿಎನ್‌ಎನ್ ಪಾರ್ಕ್ ಪಕ್ಕದ ತಕ್ಸಿಮ್ ಚೌಕದಿಂದ ನೇರ ಪ್ರಸಾರ ಮಾಡುತ್ತಿದ್ದರೆ, ಇಲ್ಲಿಯ ಸಿಎನ್‌ಎನ್ ಟರ್ಕ್ ಪೆಂಗ್ವಿನ್‌ಗಳ ಸಾಕ್ಷ್ಯಚಿತ್ರ ತೋರಿಸುತ್ತಿತ್ತು. ಮಾರನೇ ದಿನದಿಂದ ಪೆಂಗ್ವಿನ್ ಪ್ರತಿಭಟನೆಯ ಚಿಹ್ನೆಯಾಯಿತು, ಗೋಡೆಗಳ ಮೇಲೆ ಗ್ಯಾಸ್ ಮಾಸ್ಕ್ ಹಾಕಿದ ಪೆಂಗ್ವಿನ್ ಬಂತು. ಮೂರು ವರ್ಷದ ಮೇಲೆ, 2016ರ ಜುಲೈ 15ರ ರಾತ್ರಿ, ಸೇನೆಯ ಒಂದು ಭಾಗ ದಂಗೆ ಎದ್ದಾಗ ಅಧ್ಯಕ್ಷ ಎರ್ಡೋಗನ್ ದೇಶಕ್ಕೆ ಕಾಣಿಸಿಕೊಂಡದ್ದು ಇದೇ ಚಾನೆಲ್‌ನಲ್ಲಿ. ನಿರೂಪಕಿ ಹಾಂದೆ ಫಿರತ್ ಅಧ್ಯಕ್ಷರ ಫೇಸ್‌ಟೈಮ್ ವಿಡಿಯೊ ಕರೆ ಇದ್ದ ತಮ್ಮ ಫೋನನ್ನು ಕ್ಯಾಮೆರಾಗೆ ಹಿಡಿದರು. ಬೀದಿಗೆ ಇಳಿಯಿರಿ ಅಂತ ಅಧ್ಯಕ್ಷರು ಹೇಳಿದರು, ಜನ ಇಳಿದರು. ಸಾಮಾಜಿಕ ಜಾಲತಾಣ ಅಂದರೆ ಪೀಡೆ ಅಂತ ಒಂದು ಕಾಲಕ್ಕೆ ಬೈದಿದ್ದವರನ್ನು ಆ ರಾತ್ರಿ ದೇಶಕ್ಕೆ ತೋರಿಸಿದ್ದು ಒಂದು ಫೋನ್. 2018ರಲ್ಲಿ ಆ ಚಾನೆಲ್ ಮತ್ತು ಹುರಿಯೆತ್ ಪತ್ರಿಕೆ ಇದ್ದ ದೊಡ್ಡ ಗುಂಪನ್ನೇ ಸರ್ಕಾರಕ್ಕೆ ಹತ್ತಿರವಾದ ದೆಮಿರೊರೆನ್ ಗುಂಪು ಕೊಂಡುಕೊಂಡಿತು. ಒಂದು ಚಾನೆಲ್, ಐದು ವರ್ಷ, ಮೂರು ಘಟನೆ. ನಾನು ಕೇಳಿದ ಯಾವ ಪ್ರೊಫೆಸರ್ ಸ್ಲೈಡ್‌ಗಿಂತಲೂ ಇದು ಜಾಸ್ತಿ ಹೇಳಿತು.

ಮಧ್ಯಾಹ್ನ ಅವರೇ ಜಾಲೋಲು ಇಳಿಜಾರಿಗೆ ಕರೆದುಕೊಂಡು ಹೋದರು. ಒಂದು ಕಾಲಕ್ಕೆ ಪತ್ರಿಕೆಗಳೆಲ್ಲ ಇದ್ದ ಬೀದಿ. 1990ರ ದಶಕದಲ್ಲಿ ದೊಡ್ಡ ಪತ್ರಿಕೆಗಳು ಊರ ಹೊರಗಿನ ಇಕಿತೆಲ್ಲಿಗೆ ಗಾಜಿನ ಕಟ್ಟಡಗಳಿಗೆ ಹೋದವು. ಈಗ ಪುಸ್ತಕದಂಗಡಿ, ಹೋಟೆಲ್, ಪ್ರವಾಸಿಗಳು. ನಡೆಯುತ್ತಾ ಮಿಲಿಯೆತ್ ಪತ್ರಿಕೆಯ ಸಂಪಾದಕ ಅಬ್ದಿ ಇಪೆಕ್ಚಿ ಬಗ್ಗೆ ಹೇಳಿದರು. 1979ರಲ್ಲಿ ಅವರನ್ನು ಕೊಂದವನೇ 1981ರಲ್ಲಿ ವ್ಯಾಟಿಕನ್‌ನಲ್ಲಿ ಪೋಪ್ ಮೇಲೆ ಗುಂಡು ಹಾರಿಸಿದ್ದು. 1993ರಲ್ಲಿ ಕಾರ್ ಬಾಂಬಿಗೆ ಬಲಿಯಾದ ಪತ್ರಕರ್ತ ಉಗುರ್ ಮುಮ್ಜು, 2007ರಲ್ಲಿ ತಮ್ಮ ಪತ್ರಿಕೆಯ ಬಾಗಿಲಲ್ಲೇ ಗುಂಡಿಗೆ ಸತ್ತ ಹ್ರಾಂತ್ ಡಿಂಕ್. ಗುಂಪಿನಲ್ಲಿದ್ದ ಒಬ್ಬರು ಮೆಲ್ಲಗೆ, ನಮ್ಮಲ್ಲಿ ಗೌರಿ ಲಂಕೇಶ್ ಅಂದರು. ಯಾರು, ಯಾವಾಗ ಅಂತ ಪತ್ರಕರ್ತೆ ಕೇಳಿ ಹೆಸರು ಬರೆದುಕೊಂಡರು. 2017, ಮನೆ ಬಾಗಿಲಲ್ಲಿ ಅಂತ ನಾನೇ ಹೇಳಿದೆ.

ಗುಂಪು ಖುಷಿಯಾಗಿ ವಾಪಸ್ ಬಂತು, ಎರಡನೇ ತಂಡಕ್ಕೂ ಇವರನ್ನೇ ಕರೆಯಿರಿ ಅಂದರು. 2025ರ ಬೇಸಿಗೆಗೆ ತಾರೀಖು ಹಾಕಿದೆವು. ಮಾರ್ಚ್ 19ಕ್ಕೆ ಎರ್ಡೋಗನ್ ಎದುರಾಳಿ, ಇಸ್ತಾಂಬುಲ್ ಮೇಯರ್ ಇಮಾಮೊಗ್ಲು ಬಂಧನವಾಯಿತು, ಬೀದಿಗಳು ತುಂಬಿದವು, ಸ್ವಲ್ಪ ಕಾಯೋಣ ಅಂದರು. ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ, ಟರ್ಕಿ ಪಾಕಿಸ್ತಾನದ ಪರ ನಿಂತದ್ದು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೆಲಸ ಮಾಡುತ್ತಿದ್ದ ಟರ್ಕಿಯ ಚೆಲೆಬಿ ಕಂಪನಿಯ ಭದ್ರತಾ ಅನುಮತಿ ರದ್ದು, ಟರ್ಕಿ ಪ್ರವಾಸ ಬೇಡ ಅನ್ನುವ ಕೂಗು. ಪ್ರವಾಸ ನಿಂತಿತು. ಮುಂಗಡ ವಾಪಸ್ ಪಡೆಯುವುದರಲ್ಲಿ ಸಾಕು ಸಾಕಾಯಿತು. ಸ್ಪೀಕರ್‌ಗಳಲ್ಲಿ ಯಾರೂ ತಕರಾರು ಮಾಡಲಿಲ್ಲ, ಅದನ್ನು ಹೇಳಲೇಬೇಕು.

ಕ್ಲೈಂಟ್ ಆನ್‌ಲೈನ್ ಸೆಷನ್ ಒಂದಕ್ಕೆ ಮಾತ್ರ ಒಪ್ಪಿದರು. ಯಾರು ಬೇಕು ಅಂತ ಕೇಳಿದೆ. ಕಾಲಂ ಹೆಸರು ಯಾರೂ ಎತ್ತಲಿಲ್ಲ, ಟಿಪ್ಪು ಪ್ರೊಫೆಸರ್ ಅಂದರು. ನಮಗೂ ಅವರಿಗೂ ಎರಡೂವರೆ ಗಂಟೆ ವ್ಯತ್ಯಾಸ. ನಮ್ಮ ರಾತ್ರಿ ಎಂಟಕ್ಕೆ ಶುರು, ಅದೇ ದುಭಾಷಿಗಳು. ಮೊದಲ ಪ್ರಶ್ನೆಯೇ ಖಾರವಾಗಿ ಬಂತು: ನೀವು ಯಾಕೆ ಯಾವಾಗಲೂ ಪಾಕಿಸ್ತಾನದ ಕಡೆ? ಪ್ರೊಫೆಸರ್ ಸರ್ಕಾರದ ಪರ ಮಾತಾಡಲಿಲ್ಲ, ತಪ್ಪಿಸಿಕೊಳ್ಳಲೂ ಇಲ್ಲ. 1919ರಿಂದ ಹಿಡಿದರು. ಟರ್ಕಿಯ ಖಲೀಫನ ಪದವಿ ಉಳಿಸಲು ಎದ್ದ ಖಿಲಾಫತ್ ಚಳವಳಿಯ ಕಾಲದಲ್ಲಿ ಅವಿಭಜಿತ ಭಾರತದ ಮುಸ್ಲಿಮರು ಅಂಕಾರಾಗೆ ದುಡ್ಡು ಕಳಿಸಿದ್ದರು, ಗಾಂಧೀಜಿ ಆ ಚಳವಳಿಯ ಜೊತೆ ನಿಂತಿದ್ದರು. 1924ರ ಮಾರ್ಚ್‌ನಲ್ಲಿ ಅತಾತುರ್ಕ್ ಖಲೀಫ ಪದವಿಯನ್ನೇ ತೆಗೆದುಹಾಕಿದರು. ಅದೇ ವರ್ಷ ಶುರುವಾದ ಇಶ್ ಬ್ಯಾಂಕಿನ ಬಂಡವಾಳಕ್ಕೆ ಹೋದದ್ದು ಆ ಭಾರತದ ದುಡ್ಡು. ಆ ಬ್ಯಾಂಕ್ ಇವತ್ತಿಗೂ ಟರ್ಕಿಯ ದೊಡ್ಡ ಬ್ಯಾಂಕ್‌ಗಳಲ್ಲಿ ಒಂದು. "ಆ ದುಡ್ಡು ಕಳಿಸಿದಾಗ ಪಾಕಿಸ್ತಾನ ಇರಲಿಲ್ಲ. ಈಗ ನಮ್ಮವರಿಗೆ ಅದು ಪಾಕಿಸ್ತಾನದ ದುಡ್ಡಾಗಿ ನೆನಪಿದೆ" ಅಂದರು.

ಅದಕ್ಕೆ ಇನ್ನೊಬ್ಬರು, ಹಾಗಾದರೆ ನಮ್ಮ ಪಾಲು ಯಾರು ಕೊಡ್ತಾರೆ ಅಂತ ಕೇಳಿದರು. ದುಭಾಷಿ ಹೇಳಿ ಮುಗಿಸುವ ಮುಂಚೆಯೇ ಪ್ರೊಫೆಸರ್‌ಗೆ ನಗು ಬಂತು. ಒಂದು ಗಂಟೆಗೆ ಅಂತ ಗೊತ್ತು ಮಾಡಿದ್ದ ಸೆಷನ್ ಎರಡು ಗಂಟೆ ದಾಟಿತು. ದುಭಾಷಿಗಳು ಹೆಚ್ಚುವರಿ ಗಂಟೆಗೆ ಬೇರೆ ಬಿಲ್ ಕಳಿಸಿದರು, ಯೂರೋದಲ್ಲಿ, ಜೊತೆಗೆ ಕೆಡಿವಿ. ಕ್ಲೈಂಟ್ ಮೇಡಂ ಈ ಸಲ ಒಂದು ಪ್ರಶ್ನೆಯನ್ನೂ ಕೇಳದೆ ಪಾಸ್ ಮಾಡಿದರು.